ನಾಲಗೆಗಲ್ಲ, ಕಿವಿಗೆ

ಆಗಸ್ಟ್ 4, ಸೋಮವಾರ

ಬರೆಯುವಾಗ ನನಗೆ ನತ್ತಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕದಲ್ಲಿ ಅದಕ್ಕೆ ತೊದಲು ಅಂತಾರೆ, ನಮ್ಮ ಕಡೆ ನತ್ತಿ. ಬಾಯಲ್ಲಿ ಬೈಯಲು ಹೋದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತೇನೆ. ಅಷ್ಟರಲ್ಲಿ ಬೈಸಿಕೊಳ್ಳಬೇಕಾದವನು ಎದ್ದು ಹೋಗಿರುತ್ತಾನೆ.

ಇವತ್ತು ಬೈಯಬೇಕಾಗಿದ್ದದ್ದು ಶ್ರೀನಿವಾಸಪ್ಪ ಸರ್‌ಗೆ. ಎಂ.ಎ. ಅರ್ಥಶಾಸ್ತ್ರದಲ್ಲಿ ಈ ಸಲ ಎಲ್ಲರೂ ಒಂದೊಂದು ಸೆಮಿನಾರ್ ಕೊಡಬೇಕು. ಮನೆಯಲ್ಲಿ ಹಸು ಇದೆಯಲ್ಲ, ಗೊತ್ತಿರುವ ವಿಷಯ ಎಂದು ನಾನು ‘ಪಶುಸಂಗೋಪನೆ ಮತ್ತು ಗ್ರಾಮೀಣ ಆದಾಯ’ ತೆಗೆದುಕೊಂಡೆ. ಶುರುವಿನಲ್ಲೇ ಪಕಾರ ಇದೆ ಎಂಬುದು ಬೋರ್ಡಿನ ಮುಂದೆ ನಿಂತಾಗ ಹೊಳೆಯಿತು. ತುಟಿ ಮುಚ್ಚಿದ್ದು ತೆರೆಯಲೇ ಇಲ್ಲ. ಕತ್ತಿನ ನರ ಉಬ್ಬಿತು. ಮುಂದಿನ ಬೆಂಚಿನವರು ಪಾಪ, ಪುಸ್ತಕ ನೋಡತೊಡಗಿದರು. ಆಗ ಸರ್ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, “ಪರವಾಗಿಲ್ಲ, ಕೂತ್ಕೊಳಪ್ಪ. ಬರೆದು ಕೊಡು, ಮಾರ್ಕ್ಸ್ ಹಾಕ್ತೀನಿ” ಎಂದರು.

ನಕ್ಕಿದ್ದರೆ ಸಹಿಸಬಹುದಿತ್ತು. ಆ ಕೈಯನ್ನು ಸಹಿಸಲು ಆಗಲಿಲ್ಲ.

ಕಾಲೇಜು ಬಿಟ್ಟ ಮೇಲೆ ವೆಂಕಿಯ ರೂಮಿಗೆ ಹೋದೆ. ವೆಂಕಿ, ಗೋಪಿ, ನಾನು ಡಿಗ್ರಿಯಿಂದ ಒಂದೇ ಕ್ಲಾಸು. ವೆಂಕಿ ಮೈಸೂರು ಮೈನ್ಸಿನಲ್ಲಿ, ಮುಚ್ಚಿಹೋದ ಚಿನ್ನದ ಗಣಿಯ ಕಾರ್ಮಿಕರ ಹಳೆಯ ಲೈನ್ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದಾನೆ. ಎಣ್ಣೆ ಅವನೇ ತರುತ್ತಾನೆ. ಎರಡನೇ ಗ್ಲಾಸಿಗೆ ನನ್ನ ನಾಲಗೆಯ ಗಂಟು ಬಿಚ್ಚುತ್ತದೆ. ಇದು ಎರಡು ವರ್ಷದಿಂದ ನಾನು ಕಂಡುಕೊಂಡ ಸತ್ಯ, ಯಾವ ಡಾಕ್ಟರೂ ಹೇಳಿಕೊಡದ್ದು. ಇವತ್ತು ಸರ್ ಹಾಗೆ ನಡೆದು ತೋರಿಸಿದೆ, ಅವರ ಹಾಗೆ ಕೈಯಿಟ್ಟು ತೋರಿಸಿದೆ. ಗೋಪಿ ಹೊಟ್ಟೆ ಹಿಡಿದುಕೊಂಡು ನಕ್ಕ. ನೀರು ಹರಿದ ಹಾಗೆ ಮಾತಾಡಿದೆ. ಕ್ಲಾಸಿನಲ್ಲಿ ನಿಂತವನು ನಾನಲ್ಲ, ಇಲ್ಲಿ ಕೂತವನು ನಾನು.

ಆಗಸ್ಟ್ 9, ಶನಿವಾರ

ಮನೆಯಲ್ಲಿ ಜಗಳ. ಬೇತಮಂಗಲದ ಬಸ್ಸಿಳಿದು ಊರಿಗೆ ನಡೆಯುವಷ್ಟರಲ್ಲಿ ವಾಸನೆ ಹೋಗಿರುತ್ತದೆ ಎಂದುಕೊಂಡಿದ್ದೆ. ಅಮ್ಮ ಬಾಗಿಲಲ್ಲೇ ಹಿಡಿದಳು. ಪಾಪಕ್ಕನ ಮಗ ಕುಡೀತಾನೆ ಅಂತ ಊರೆಲ್ಲ ಆಡಿಕೊಳ್ಳುವ ಹಾಗಾಯಿತು ಎಂದು ಅಳು. ಊರಿನಲ್ಲಿ ಕುಡಿಯದವರು ಯಾರು ಎಂದು ಕೇಳಬೇಕು ಅನ್ನಿಸಿತು. ಕೇಳಲು ಹೋದರೆ ಮತ್ತೆ ಬಾಯಿ ಕಟ್ಟುತ್ತದೆ.

ತಂಗಿ ಆಶಾರಾಣಿ ಬಂಗಾರಪೇಟೆಯಲ್ಲಿ ಪಿಯುಸಿ ಓದುತ್ತಾಳೆ, ಬುದ್ಧಿ ಹೇಳುವುದರಲ್ಲಿ ಪಿಎಚ್‌ಡಿ. ಕುಡಿದಾಗ ಅಣ್ಣ ಜಾಸ್ತಿ ಮಾತಾಡ್ತಾನೆ, ಆದರೆ ನಾವು ಏನಂದರೂ ಅವನಿಗೆ ಕೇಳಿಸಲ್ಲ ಎಂದು ಅಮ್ಮನಿಗೆ ವಿವರಿಸಿದಳು, ನಾನು ಅಲ್ಲಿ ಇಲ್ಲವೇನೋ ಎಂಬಂತೆ.

ಅಪ್ಪ ಎಂದಿನಂತೆ ಏನೂ ಅನ್ನಲಿಲ್ಲ. ಮುದ್ದೆ ಮುಗಿಸಿ ಎದ್ದು ಕೊಟ್ಟಿಗೆಗೆ ಹೋದರು. ಮುನಿನಾರಾಯಣಪ್ಪ ಮಾತು ಕಮ್ಮಿ, ದೊಡ್ಡ ಮನುಷ್ಯ ಎಂದು ಊರವರು ಹೊಗಳುತ್ತಾರೆ. ನೆಂಟರ ಹತ್ತಿರ, ಬ್ಯಾಂಕಿನಲ್ಲಿ, ಎಲ್ಲ ಕಡೆ ಅಮ್ಮನೇ ಮಾತಾಡಬೇಕು. ನನ್ನನ್ನು ಒಂದು ದಿನ ಹೆಸರು ಹಿಡಿದು ಕರೆದವರಲ್ಲ. ‘ಲೇ’ ಅಥವಾ ‘ಮಗಾ’. ಮಗನಿಗೆ ಮಾತು ಬರಲ್ಲ ಎಂಬ ಅಸಹ್ಯ ಇರಬೇಕು. ಇದ್ದರೆ ಬಾಯಿಬಿಟ್ಟು ಹೇಳಲಿ, ಅವರಿಗೆ ಬಾಯಿ ಸರಿಯಾಗಿಯೇ ಇದೆಯಲ್ಲ.

ಆಗಸ್ಟ್ 20, ಬುಧವಾರ

ಗೆದ್ದೆ.

ನಾನೇ ಹೋಗಿ ಇನ್ನೊಂದು ಸಲ ಸೆಮಿನಾರಿಗೆ ಅವಕಾಶ ಬೇಕು ಎಂದು ಚೀಟಿ ಬರೆದು ಕೊಟ್ಟಿದ್ದೆ. ಬೆಳಿಗ್ಗೆ ಬಸ್ಸಿಳಿದವನು ಕಾಲೇಜಿಗೆ ಹೋಗದೆ, ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಹಿಂದಕ್ಕೆ ಹೋದೆ. ಬ್ಯಾಗಿನಲ್ಲಿ ಎಣ್ಣೆಯ ಪ್ಯಾಕೆಟ್ ಇತ್ತು. ನೀರಿನ ಬಾಟಲಿಗೆ ಬೆರೆಸಿ ಕುಡಿದೆ, ಮೇಲೆ ಏಲಕ್ಕಿ ಜಗಿದೆ. ಬೆಳಗಿನ ಹೊತ್ತು ಕುಡಿದದ್ದು ಇದೇ ಮೊದಲು. ಔಷಧಿಗೆ ಬೆಳಿಗ್ಗೆ ಸಾಯಂಕಾಲ ಏನಿದೆ?

ಪಶುಸಂಗೋಪನೆ ಎಂದೆ. ಹೊರಗೆ ಬಂತು. ಆಮೇಲೆ ನಿಲ್ಲಲೇ ಇಲ್ಲ. ಮೇವಿನ ಖರ್ಚು, ಹಾಲಿನ ದರ, ಹೆಂಗಸರ ದುಡಿಮೆಗೆ ಲೆಕ್ಕವೇ ಇಲ್ಲದಿರುವುದು, ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಸರ್ ಕಿಟಕಿಯ ಹತ್ತಿರ ನಿಂತು ಕೊನೆಯವರೆಗೂ ಕೇಳಿದರು. ಕೂತುಕೊ ಎನ್ನುವ ಧೈರ್ಯ ಬರಲಿಲ್ಲ ಅವರಿಗೆ. ಈಗ ಹಾಕಲಿ ನೋಡೋಣ ಹೆಗಲ ಮೇಲೆ ಕೈ.

ಆಗಸ್ಟ್ 22, ಶುಕ್ರವಾರ

ಗೋಪಿ ಸೆಮಿನಾರಿನ ವಿಡಿಯೋ ಮಾಡಿದ್ದಾನೆ. ನನ್ನ ನೆನಪಿಗಿರಲಿ ಎಂದು ಮಾಡಿದನಂತೆ. ರೂಮಿನಲ್ಲಿ ಫೋನ್ ಕಿತ್ತುಕೊಂಡು ನೋಡಿದೆ.

ನತ್ತಿ ಹೋಗಿಲ್ಲ. ಒಂದು ಚೂರೂ ಹೋಗಿಲ್ಲ. ಪ ಪ ಪ ಎಂದು ಅಷ್ಟು ಹೊತ್ತು ಬಡಿದುಕೊಂಡಿದ್ದೇನೆ. ಅದರ ಮೇಲೆ ನಾಲಗೆ ಬೇರೆ ದಪ್ಪಗಾಗಿ ಮಾತು ಮಾತಿಗೆ ಅಂಟಿಕೊಂಡಿದೆ. ಹೇಳಿದ್ದನ್ನೇ ಹೇಳಿದ್ದೇನೆ. ಮೇಜು ಹಿಡಿದುಕೊಂಡು ತೂಗಾಡಿದ್ದೇನೆ. ಮುಖದಲ್ಲಿ ಮಾತ್ರ ರಾಜನ ಕಳೆ. ಮುಂದಿನ ಬೆಂಚಿನವರು ಅವತ್ತಿನ ಹಾಗೆಯೇ ಪುಸ್ತಕ ನೋಡುತ್ತಿದ್ದಾರೆ. ಕಿಟಕಿಯ ಹತ್ತಿರ ಸರ್ ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದಾರೆ.

ಇಷ್ಟು ದಿನ ಈ ರೂಮಿನಲ್ಲೂ ನಾನು ಹೀಗೇ ಮಾತಾಡುತ್ತಿದ್ದೆನಾ ಎಂದು ಕೇಳಿದೆ. ಗೋಪಿ ನೆಲ ನೋಡಿದ. ವೆಂಕಿ ಗ್ಲಾಸು ತೊಳೆಯುತ್ತಿದ್ದವನು ತಿರುಗದೆಯೇ ಅಂದ: “ಊಂ. ಯಾವಾಗ್ಲೂ ಎಂಗೋ ಅಂಗೇ. ನಾವೇನ್ಲಾ ಅದ್ನೇ ನೋಡ್ತಾ ಕೂತಿರ್ತೀವಾ?”

ಹೇಳಬಾರದಿತ್ತಾ ಎಂದರೆ, ನೀನು ಖುಷಿಯಾಗಿದ್ದೆ, ಯಾಕೆ ಹೇಳಲಿ ಎನ್ನುತ್ತಾನೆ.

ಎರಡು ವರ್ಷ. ನಾನು ಕುಡಿದದ್ದು ನಾಲಗೆಗಲ್ಲ, ಕಿವಿಗೆ. ನಾಲಗೆ ಇದ್ದ ಹಾಗೇ ಇತ್ತು, ಕಿವಿ ಮಾತ್ರ ಕೇಳಿಸಿಕೊಳ್ಳುವುದನ್ನು ಬಿಟ್ಟಿತ್ತು. ಇಬ್ಬರೂ ಹಾಳಾಗಿ ಹೋಗಲಿ. ಗೋಪಿಯ ಫೋನನ್ನು ಗೋಡೆಗೆ ಎಸೆಯಬೇಕೆಂದಿದ್ದೆ, ಹಾಸಿಗೆಗೆ ಎಸೆದು ಬಂದೆ. ಅದೂ ಸರಿಯಾಗಿ ಬರಲಿಲ್ಲ ನನಗೆ.

ಆಗಸ್ಟ್ 25, ಸೋಮವಾರ

ಅಪ್ಪನನ್ನು ಕಾಲೇಜಿಗೆ ಕರೆಸಿದರು. ಅಮ್ಮನಿಗೆ ಜ್ವರ, ಇಲ್ಲದಿದ್ದರೆ ಅವಳೇ ಬರುತ್ತಿದ್ದಳು. ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಅಪ್ಪ ನನ್ನ ಜೊತೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದರು.

ಸರ್ ಕುರ್ಚಿ ಕೊಟ್ಟು ಕೂರಿಸಿದರು. ಹುಡುಗ ಕುಡಿದು ಕ್ಲಾಸಿಗೆ ಬಂದ, ಹೊರಗೆ ಹಾಕಬೇಕು ಅಂತ ಕೆಲವರು ಅಂದರು, ನಾನೇ ತಡೆದೆ, ಎರಡು ವಾರ ಮನೆಯಲ್ಲಿರಲಿ ಎಂದರು. ನೀವು ಏನು ಹೇಳ್ತೀರಿ ಎಂದು ಅಪ್ಪನ ಕಡೆ ನೋಡಿದರು.

ಅಪ್ಪನ ತುಟಿ ಮುಚ್ಚಿತು. ತೆರೆಯಲಿಲ್ಲ.

ಮೊದಲು ಸಿಟ್ಟಿಗೆ ಹಾಗಾಗಿದೆ ಎಂದುಕೊಂಡೆ. ಆಮೇಲೆ ದವಡೆ ಒಂದು ಕಡೆಗೆ ಎಳೆಯುವುದು ಕಾಣಿಸಿತು. ಚಪ್ಪಲಿಯೊಳಗೆ ಹೆಬ್ಬೆರಳು ನೆಲ ಒತ್ತುತ್ತಿತ್ತು. ಕಣ್ಣು ಜಾರಿ ಕಿಟಕಿಗೆ ಹೋಯಿತು. ಅದನ್ನೆಲ್ಲ ನಾನು ಒಳಗಿನಿಂದ ಬಲ್ಲೆ. ಮೊನ್ನೆ ವಿಡಿಯೋದಲ್ಲಿ ಹೊರಗಿನಿಂದಲೂ ಕಂಡಿದ್ದೇನೆ. ಮ, ಮ, ಮ ಎಂದರು ಅಪ್ಪ. ಮಗ ಎನ್ನಲು ಹೊರಟಿದ್ದರೋ, ಮನ್ನಿಸಿ ಎನ್ನಲೋ, ಗೊತ್ತಿಲ್ಲ.

ಸರ್ ಮೃದುವಾಗಿ, ಪರವಾಗಿಲ್ಲ ಬಿಡಿ, ಅರ್ಥ ಆಯಿತು ಎಂದರು. ಏನು ಅರ್ಥ ಆಯಿತು ಅವರಿಗೆ? ಅಪ್ಪ ಇನ್ನೂ ಏನೂ ಹೇಳಿರಲಿಲ್ಲ.

ವಾಪಸ್ ಬರುವಾಗ ಬಸ್ಸು ಖಾಲಿ ಇತ್ತು. ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ಒಬ್ಬಟ್ಟು ತಿನ್ನಲಿಲ್ಲ. ಕುಡಿಯಲೂ ಇಲ್ಲ.

ಆಗಸ್ಟ್ 31, ಭಾನುವಾರ

ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋದೆ. ಇಡೀ ವಾರ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. ನಿಂಗೂ ಇತ್ತು, ಯಾಕೆ ಹೇಳಲಿಲ್ಲ. ಸ್ಕೂಲಿನಲ್ಲಿ ಹುಡುಗರು ನತ್ತಿ ವೇಣು, ನತ್ತಿ ವೇಣು ಎಂದು ಕೂಗುತ್ತಾ ಮನೆವರೆಗೂ ಅಟ್ಟಿಸಿಕೊಂಡು ಬಂದಾಗ ನೀನು ಇದೇ ಕೊಟ್ಟಿಗೆಯಲ್ಲಿ ಇದ್ದೆ. ನಂಗೂ ಇದೆ ಕಣೋ ಅಂತ ಒಂದು ಮಾತು ಅಂದಿದ್ದರೆ ಏನು ಹೋಗುತ್ತಿತ್ತು? ಹೇಳಿ ಮುಗಿಸುವಷ್ಟರಲ್ಲಿ ಹಸು ಎರಡು ಸಲ ತಿರುಗಿ ನೋಡಿತು.

ಅಪ್ಪ ಕರೆಯುವುದನ್ನು ನಿಲ್ಲಿಸಲಿಲ್ಲ. ಕೆಚ್ಚಲಿನ ಕಡೆಯೇ ಮುಖವಿಟ್ಟು, ಸಿಕ್ಕಿಕೊಂಡು, ಬಿಡಿಸಿಕೊಂಡು, ಹೇಳಿದರು: “ಕೂಸು ಕೇಳುಸ್ಕೊಂಡ್ರೆ ಅದುಕ್ಕೂ ಅಂಟ್ಕೊಂತದೆ ಅಂತ ನಮ್ಮವ್ವ ಯೇಳಿದ್ಳು. ಅದುಕ್ಕೇ ನಿನ್ನ ಮುಂದೆ ಬಾಯಿ ಬಿಡ್ಲಿಲ್ಲ. ಆದ್ರೂ ಬಂತು.”

ಆಮೇಲೆ ಇನ್ನೊಂದು ಹೇಳಿದರು. ವೇಣು ಎಂಬ ಹೆಸರಿಟ್ಟವಳು ಅಮ್ಮ. ಆ ‘ವೇ’ ಅವರ ಬಾಯಿಗೆ ಹತ್ತಲೇ ಇಲ್ಲವಂತೆ.

ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಸಿಟ್ಟೇ ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಸತ್ತುಹೋದ ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡುವುದು? ಹಾಲಿನ ಬಕೆಟ್ಟು ನಾನೇ ಎತ್ತಿಕೊಂಡು ಬಂದೆ.

ಸೆಪ್ಟೆಂಬರ್ 6, ಶನಿವಾರ

ಕುಡಿದೆ.

ಮೇವು ಕತ್ತರಿಸುವ ಯಂತ್ರದ ಬ್ಲೇಡು ತರುತ್ತೇನೆಂದು ಹೇಳಿ ರಾಬರ್ಟ್‌ಸನ್‌ಪೇಟೆಗೆ ಹೋದವನು ಸೀದಾ ವೈನ್ ಶಾಪಿಗೆ ಹೋದೆ. ವೆಂಕಿಯ ಮುಖ ನೋಡುವುದು ಬೇಡವೆಂದು ಒಬ್ಬನೇ ಕೂತೆ. ಎದುರಿಗೆ ಕೂತ ಮುದುಕರೊಬ್ಬರು ತಮಿಳಿನಲ್ಲಿ ಯಾವ ಊರು ಎಂದು ಕೇಳಿದರು. ಉತ್ತರ ಕೊಟ್ಟೆ. ನನ್ನ ಕಿವಿ ಅಲ್ಲೇ ಕೂತು ಕೇಳುತ್ತಿತ್ತು. ಇನ್ನೊಂದು ಹಾಕಿಕೊಂಡೆ, ಕಿವಿ ಎದ್ದು ಹೋಗಲಿಲ್ಲ. ಮೂರನೆಯದಕ್ಕೂ ಹೋಗಲಿಲ್ಲ. ಒಂದೊಂದು ಅಕ್ಷರ ಕುಟ್ಟಿಕೊಳ್ಳುವುದೂ ಕೇಳಿಸುತ್ತಿತ್ತು.

ಆ ವಿಡಿಯೋ ನೋಡಿದ್ದೇ ತಪ್ಪಾಯಿತು. ಇದ್ದ ಒಂದು ಔಷಧಿಯನ್ನೂ ಹಾಳುಮಾಡಿದರು ಬಡ್ಡೀಮಕ್ಕಳು. ಹೊರಗೆ ಬಂದು ಚರಂಡಿಗೆ ವಾಂತಿ ಮಾಡಿಕೊಂಡೆ. ಬ್ಲೇಡು ಮರೆತು ಬಂದೆ. ಆಶಾರಾಣಿ ಮಜ್ಜಿಗೆ ತಂದಿಟ್ಟು ಏನೂ ಹೇಳದೆ ಹೋದಳು. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಸೆಪ್ಟೆಂಬರ್ 12, ಶುಕ್ರವಾರ

ಶ್ರೀನಿವಾಸಪ್ಪ ಸರ್ ಮಾಡಿದ್ದು ಅನ್ಯಾಯ. ಇವತ್ತು ಮತ್ತೆ ಸೆಮಿನಾರ್ ಇಟ್ಟುಕೊಂಡಿದ್ದೆ, ಒಂದು ತೊಟ್ಟೂ ಕುಡಿಯದೆ. ಆ ಪಕಾರದ ಹತ್ತಿರವೇ ಸುಮಾರು ಹೊತ್ತು ಹೋಯಿತು, ಹೋಗಲಿ. ಹಿಂದಿನ ಬೆಂಚಿನ ಒಬ್ಬ ಕಿಸಕ್ಕೆಂದ; ನಗು ಮುಗಿಯಲಿ ಆಮೇಲೆ ಮುಂದುವರಿಸ್ತೀನಿ ಎಂದು ಅವನನ್ನೇ ನೋಡುತ್ತಾ ನಿಂತೆ. ಡೈರಿಯ ಲೆಕ್ಕಾಚಾರ, ಮಧ್ಯವರ್ತಿಗಳು ಎಲ್ಲ ಆಗಿ ಮೇವಿನ ಕೊರತೆಗೆ ಬರುವಷ್ಟರಲ್ಲಿ ಬೆಲ್ಲು ಹೊಡೆಯಿತು. ಸಾಕು, ಚೆನ್ನಾಗಿತ್ತು ಎನ್ನುತ್ತಾರೆ ಸರ್. ಮುಖ್ಯವಾದ ಭಾಗವೇ ಬಂದಿಲ್ಲ ಸರ್, ಎಮ್ಮೆಯ ವಿಷಯ ಎತ್ತೇ ಇಲ್ಲ, ಸೋಮವಾರ ಇನ್ನೊಂದು ಪೀರಿಯಡ್ ಕೊಡಿ ಎಂದು ಸ್ಟಾಫ್ ರೂಮಿನವರೆಗೂ ಹಿಂದೆ ಹೋಗಿ ವಾದ ಮಾಡಿದೆ. ಕೊಡಲಿಲ್ಲ. ಕೆಲವರಿಗೆ ವಿಷಯದ ಮೇಲೆ ಗೌರವವೇ ಇಲ್ಲ.

ಸೆಪ್ಟೆಂಬರ್ 18, ಗುರುವಾರ

ಅಪ್ಪ, ನಾನು ಡೈರಿಗೆ ಹಾಲು ಹಾಕಲು ಹೋಗಿದ್ದೆವು. ನಮ್ಮ ಹಾಲಿನ ಫ್ಯಾಟು ಒಂದು ವಾರದಿಂದ ಕಡಿಮೆ ಬರುತ್ತಿದೆ. ಅಪ್ಪ ಬಂದಷ್ಟು ಬರೆಸಿಕೊಂಡು ಬರುವವರು. ನಾನು ಸೆಕ್ರೆಟರಿಗೆ ಮತ್ತೊಮ್ಮೆ ಟೆಸ್ಟ್ ಮಾಡಿ ಎನ್ನಲು ಹೋದೆ. ‘ಮ’ದಲ್ಲಿ ನಿಂತೆ. ಅವನಿಗೆ ಅವಸರ, “ಏಮಪ್ಪಾ, ಮನೆಗೋಗ್ಬೇಕಾ? ಓಗು ಮತ್ತೆ” ಎಂದ. ಸಾಲಿನಲ್ಲಿದ್ದವರು ನಕ್ಕರು.

ಆಗ ನನ್ನ ಹಿಂದಿನಿಂದ ಅಪ್ಪ ಮಾತಾಡಿದರು. ತುಂಬ ಕಷ್ಟಪಟ್ಟು, ಕ್ಯಾನಿನ ಹಿಡಿ ಬಿಗಿಯಾಗಿ ಹಿಡಿದುಕೊಂಡು, ಒಂದೊಂದೇ ಅಕ್ಷರ ಎಳೆದು ಎಳೆದು. “ಅವ್ನು ಮುಗಿಸ್ಲಿ.”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪನ ಜೊತೆ ಹುಟ್ಟಿ ಬೆಳೆದವರೂ ಅಲ್ಲಿದ್ದರು. ಅವರಲ್ಲೂ ಕೆಲವರು ಆ ದನಿಯನ್ನು ಕೇಳಿರಲಿಲ್ಲವೆಂದು ಕಾಣುತ್ತದೆ.

ನಾನು ಮುಗಿಸಿದೆ. ಟೆಸ್ಟ್ ಮತ್ತೆ ಮಾಡಿದರು. ಫ್ಯಾಟು ಅಷ್ಟೇ ಬಂತು. ಮಳೆಗೆ ಎಳೇ ಹುಲ್ಲು ತಿಂದು ಹಾಲೇ ತೆಳ್ಳಗಾಗಿದೆ, ಸೆಕ್ರೆಟರಿಯ ತಪ್ಪೇನಿಲ್ಲ. ಇನ್ನು ಸಿಟ್ಟು ಮಾಡಿಕೊಳ್ಳಲು ಹಸು ಒಂದೇ ಉಳಿಯಿತು. ದಾರಿಯಲ್ಲಿ ಅಪ್ಪನ ಹೊಟ್ಟೆ ಕುಲುಕುತ್ತಿತ್ತು. ಏನು ಎಂದು ನೋಡಿದರೆ ನಗುತ್ತಿದ್ದರು.

ಸಾಯಂಕಾಲ ಕುಡಿಯಬೇಕು ಅನ್ನಿಸಿತು, ಬಹಳ. ದುಃಖಕ್ಕೆ ಕುಡಿಯುತ್ತೇನೆ ಎಂದುಕೊಂಡಿದ್ದೆ; ಖುಷಿಯಾದರೂ ಅದೇ ಬೇಕಂತೆ. ಇದೆಂಥ ನಾಯಿಬುದ್ಧಿ. ಮಜ್ಜಿಗೆ ಕುಡಿದು ಮಲಗುತ್ತಿದ್ದೇನೆ, ಬೈದುಕೊಂಡೇ.

ಅಕ್ಟೋಬರ್ 2, ಗುರುವಾರ

ದಸರಾ ರಜೆ. ರಜೆಗೆ ಮುಂಚೆಯೂ ವೆಂಕಿ ಹದಿನೈದು ದಿನ ಕ್ಲಾಸಿಗೆ ಬಂದಿರಲಿಲ್ಲ. ಅವನನ್ನು ಬೈಯಬೇಕೆಂದೇ ಮಧ್ಯಾಹ್ನ ಮೈಸೂರು ಮೈನ್ಸಿಗೆ ಹೋದೆ. ಬೈಯುವುದು ಬಹಳ ಬಾಕಿ ಇತ್ತು. ನನ್ನ ಹಾಳುಮಾಡಿದ್ದು, ಹೇಳದೆ ಇದ್ದದ್ದು, ಎಲ್ಲ.

ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಒಬ್ಬನೇ ಕೂತಿದ್ದ, ಗಡ್ಡ ಬಿಟ್ಟುಕೊಂಡು. ಕಣ್ಣು ಹಳದಿಯಾಗಿದೆ. ಗೋಪಿ ಎಲ್ಲಿ ಎಂದರೆ ಬಂದಿಲ್ಲ ಎಂದ. ಕುಡಿಯಲು ಬರುವ ಉಳಿದವರು ಎಂದರೆ ಅವರೂ ಬಂದಿಲ್ಲ.

“ಇವತ್ತು ಗಾಂಧಿ ಜಯಂತಿ ಕಣ್ಲಾ, ಅಂಗಡಿ ಬಂದ್. ಎಣ್ಣೆ ಇಲ್ಲ. ಎಣ್ಣೆ ಇಲ್ದಿದ್ರೆ ಇಲ್ಲಿಗ್ಯಾರು ಬತ್ತಾರೆ? ನೀನ್ಯಾಕೆ ಬಂದೆ?”

ಬೈಯಲು ಬಂದೆ ಎಂದೆ. ಬೈಯಿ ಎಂದ. ಶುರುಮಾಡಿದೆ. ನೀನು ಓದು ಬಿಟ್ಟೆ, ದೇಹ ಹಾಳುಮಾಡಿಕೊಂಡೆ, ನಾನಾದರೆ ನತ್ತಿಗೆ ಕುಡಿದೆ, ನಿಂಗೇನಾಗಿತ್ತು, ನಾಲಗೆ ನೆಟ್ಟಗಿತ್ತಲ್ಲ, ನೀನ್ಯಾಕೆ ಕುಡಿಯುತ್ತಿದ್ದೆ? ಕೊನೆಯದು ಬೈಗುಳವಾಗಿಯೇ ಬಾಯಿಂದ ಹೊರಟದ್ದು. ಅವನು ಪ್ರಶ್ನೆ ಎಂದುಕೊಂಡ. ಬಹಳ ಹೊತ್ತು ಚಾಪೆಯ ಎಳೆ ಕೀಳುತ್ತಿದ್ದ.

ಅವನ ಅಮ್ಮ ಸತ್ತ ಮೇಲೆ ಅಪ್ಪ ಹೊಸೂರಿನ ಕಡೆ ಇನ್ನೊಂದು ಸಂಸಾರ ಮಾಡಿಕೊಂಡದ್ದು ಗೊತ್ತಿತ್ತು. ತಿಂಗಳು ತಿಂಗಳು ದುಡ್ಡು ಹಾಕುತ್ತಾನೆ, ಮನೆಗೆ ಕರೆಯುವುದಿಲ್ಲ. ಅದನ್ನು ಅವನೇ ನೂರು ಸಲ ತಮಾಷೆ ಮಾಡಿ ಹೇಳಿದ್ದಾನೆ. ಇವತ್ತು ತಮಾಷೆ ಮಾಡಲಿಲ್ಲ.

“ಡಿಗ್ರೀಲಿ ಫಸ್ಟು ಒಂದಿನ ನಿಮ್ಮನ್ನ ಊಟಕ್ಕೆ ಕರದೆ. ನೀವು ಉಂಡು ಎದ್ದೋದ್ರಿ. ಆಮೇಲೊಂದಿನ ಎಣ್ಣೆ ತಂದಿಟ್ಟೆ. ಬೆಳಗಿನವರೆಗೂ ಇದ್ರಿ. ಅಷ್ಟೇ.”

ಅಷ್ಟೇ, ಎಂದು ಇನ್ನೊಂದು ಸಲ ಅಂದ.

ನನ್ನ ಬೈಗುಳ ಎಲ್ಲಿಗೆ ಬಂದಿತ್ತು ಎಂಬುದು ಮರೆತುಹೋಯಿತು. ಅವನ ಎರಡು ವರ್ಷದ ಮಾತನ್ನು ನಾನು ಒಂದು ದಿನ ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳಬಾರದೆಂದೇ ಕುಡಿಯುತ್ತಿದ್ದವನು ನಾನು. ಬೀದಿ ಕೊನೆಯ ಅಂಗಡಿಯಿಂದ ಚಿತ್ರಾನ್ನ ಕಟ್ಟಿಸಿಕೊಂಡು ಬಂದೆ. ತಿಂದೆವು. ಡಾಕ್ಟರಿಗೆ ತೋರಿಸೋಣ ಎಂದೆ, ಆಗಲ್ಲ ಎಂದ. ಆಗಲ್ಲ ಅಂದರೆ ಹೊತ್ತುಕೊಂಡು ಹೋಗುತ್ತೇನೆ ಎಂದು ರೇಗಿದೆ. ಅದಕ್ಕೆ ಸ್ವಲ್ಪ ನಕ್ಕ.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ವೆಂಕಿ ಬಾಗಿಲವರೆಗೂ ಬಂದು ಚೌಕಟ್ಟಿಗೆ ಒರಗಿ ನಿಂತ. ನಾಳೆ ಅಂಗಡಿ ತೆಗೀತದೆ, ನಾಳೆ ಎಲ್ಲರೂ ಬರ್ತಾರೆ ಎಂದ. ಆಮೇಲೆ ನನ್ನ ಮುಖ ನೋಡದೆ, ತೆಗೆಯೋ ಮುಂಚೆ ನೀನು ಬತ್ತೀಯಾ ಎಂದು ಕೇಳಿದ.

ಬತ್ತೀನಿ ಎನ್ನಲು ಬಾಯಿ ತೆರೆದೆ. ತುಟಿ ಹಿಡಿದುಕೊಂಡಿತು. ಬಿಡಲೇ ಇಲ್ಲ. ತಲೆಯಾಡಿಸಿ ಮುಗಿಸಬಹುದಿತ್ತು. ಮುಗಿಸಲಿಲ್ಲ, ಸಿಟ್ಟು ಬಂತು, ಈ ಒಂದು ಮಾತನ್ನು ಬಾಯಲ್ಲೇ ಹೇಳಬೇಕು ಅನ್ನಿಸಿತು. ವೆಂಕಿ ನನ್ನ ಬದಲು ಹೇಳಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ, ಬೇರೆ ಕಡೆ ನೋಡಲಿಲ್ಲ. ಹಳದಿ ಕಣ್ಣು ನನ್ನ ಮೇಲಿಟ್ಟು, ಆ ಮಾತು ಹೊರಗೆ ಬರುವವರೆಗೆ ಬಾಗಿಲಲ್ಲೇ ನಿಂತಿದ್ದ.